ಎರಡು ಚಮಚದ ಲೆಕ್ಕ

ಇಂದು ಬೆಳಿಗ್ಗೆ ಆಳಂದ ತಾಲ್ಲೂಕಿನ ನಮ್ಮ ತವರೂರಿನಲ್ಲಿ ಆಶಾ ಕಾರ್ಯಕರ್ತೆ ನನ್ನ ತಂಗಿಯ ಮೊಮ್ಮಗಳನ್ನು ತೂಗಿ ‘ಮೂರು ಕಿಲೊ ಆಗ್ಯಾಳ್ರಿ’ ಎಂದಾಗ ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ನನಗೆ ಮಾತ್ರ ಸಂತೋಷದ ಬೆನ್ನಿಗೇ ಸಿಟ್ಟು ಬಂತು. ಒಂಬತ್ತು ದಿನಗಳ ಹಿಂದೆ ಇದೇ ಕೂಸಿನ ತಾಯಿಗೆ ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ‘ನಿನಗೆ ಹಾಲು ಸಾಲುವುದಿಲ್ಲ’ ಎಂದು ತೀರ್ಪು ಕೊಟ್ಟು, ಚೀಟಿಯಲ್ಲಿ ಡಬ್ಬಿ ಹಾಲಿನ ಹೆಸರು ಬರೆದುಕೊಟ್ಟಿದ್ದರು. ಅಷ್ಟಕ್ಕೆ ತೆಗೆದುಕೊಂಡ ಸಮಯ ಐದು ನಿಮಿಷವೂ ಇಲ್ಲ. ಜೊತೆಗೆ ಹೋಗಿದ್ದವಳು ನಾನೇ.

ನಾನು ವೈದ್ಯೆಯಲ್ಲ, ಆದರೆ ನನ್ನ ಲೆಕ್ಕದ ಚಾಳಿ ಇಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆಲ್ಲ ಚೆನ್ನಾಗಿ ಗೊತ್ತಿದೆ. ಹುಟ್ಟಿದಾಗ ಕೂಸಿನ ತೂಕ 2,900 ಗ್ರಾಂ, ನಾಲ್ಕನೆಯ ದಿನ 2,660, ಹನ್ನೆರಡನೆಯ ದಿನ 2,760. ಆಸ್ಪತ್ರೆಯವರು ಮೊದಲನೆಯದರಿಂದ ಕೊನೆಯದನ್ನು ಕಳೆದು ‘140 ಗ್ರಾಂ ಇಳಿದಿದೆ’ ಎಂದರು. ಹುಟ್ಟಿದ ಕೂಸು ಮೊದಲ ಕೆಲವು ದಿನಗಳಲ್ಲಿ ನೂರಕ್ಕೆ ಏಳರಿಂದ ಹತ್ತರಷ್ಟು ತೂಕ ಕಳೆದುಕೊಳ್ಳುವುದು, ಎರಡು ವಾರಗಳ ಹೊತ್ತಿಗೆ ಅದನ್ನು ಮರಳಿ ಪಡೆಯುವುದು ಸಾಮಾನ್ಯ ಸಂಗತಿ. ಆದ್ದರಿಂದ ಎಣಿಕೆಯನ್ನು ತೀರ ಕೆಳಗಿಳಿದ ದಿನದಿಂದ ಆರಂಭಿಸಬೇಕು. ಹಾಗೆ ಎಣಿಸಿದರೆ ಎಂಟು ದಿನಗಳಲ್ಲಿ 100 ಗ್ರಾಂ ಏರಿದೆ, ಅಂದರೆ ದಿನಕ್ಕೆ ಹನ್ನೆರಡೂವರೆ ಗ್ರಾಂ. ಇಪ್ಪತ್ತರಿಂದ ಮೂವತ್ತು ಗ್ರಾಂ ಏರಬೇಕಾದಲ್ಲಿ ಇದು ಕಡಿಮೆಯೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಯಾಕೆ ಕಡಿಮೆ ಎಂಬುದನ್ನು ಯಾರೂ ಕೇಳಲಿಲ್ಲ. ಹಂತಗಳನ್ನು ತೋರಿಸದೆ ನೇರವಾಗಿ ಉತ್ತರ ಬರೆದ ಹುಡುಗರಿಗೆ ನಾನು ಅಂಕ ಕೊಡುತ್ತಿರಲಿಲ್ಲ. ತಾಯಿ ಕೂಸಿಗೆ ಹಾಲುಣಿಸುವುದನ್ನು ಅಲ್ಲಿ ಒಬ್ಬರೂ, ಒಂದು ಸಲವೂ, ನೋಡಲಿಲ್ಲ.

ಮನೆಯವರೂ ನೋಡಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಬಾಣಂತಿಗೆ ಸಬ್ಬಸಗಿ ಪಲ್ಯ, ಅಳವಿ ಪಾಯಸ, ಅಂಟಿನ ಉಂಡಿ ಎಲ್ಲವೂ ಹೊತ್ತುಹೊತ್ತಿಗೆ ಬರುತ್ತಿದ್ದವು. ಕೂಸಿನ ಬಾಯಿಯತ್ತ ಮಾತ್ರ ಯಾರ ಕಣ್ಣೂ ಹೋಗಿರಲಿಲ್ಲ. ‘ಈ ಬಿಸಲಾಗ ಕೂಸಿಗಿ ಎರಡ್ ಚಮಚಾ ನೀರರೆ ಕುಡಸ್ರಿ’ ಎಂದು ನೆರೆಮನೆಯಾಕೆ ಬೇರೆ ದಿನಕ್ಕೆರಡು ಸಲ ಹೇಳಿ ಹೋಗುತ್ತಿದ್ದಳು. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ ಇರುವುದರಿಂದ ಆರು ತಿಂಗಳವರೆಗೆ, ನಮ್ಮ ಕಲಬುರಗಿಯ ಬಿಸಿಲಿನಲ್ಲಿಯೂ, ಬೇರೆ ನೀರು ಬೇಕಾಗಿಲ್ಲ.

ಹದಿನಾಲ್ಕನೆಯ ದಿನ ಬಂದ ಆಶಾ ಕಾರ್ಯಕರ್ತೆ ಕೂಸನ್ನು ತನ್ನ ತಕ್ಕಡಿಯಲ್ಲಿ ತೂಗಿ 2,800 ಎಂದು ಬರೆದುಕೊಂಡು, ನೆಲದ ಮೇಲೆ ಕುಳಿತು, ‘ಈಗ ಹಾಲು ಕುಡಸವ್ವ, ನೋಡ್ತೀನಿ’ ಎಂದಳು. ನೋಡಿ, ನನ್ನತ್ತ ತಿರುಗಿ, ‘ಅಕ್ಕೋರೆ, ಬಾಯಾಗ ಬರೀ ತೊಟ್ಟಷ್ಟೇ ಅದರಿ, ಸುತ್ತಿನ ಕರಿ ಭಾಗ ಎಲ್ಲಾ ಹೊರಗೇ ಅದ’ ಎಂದಳು. ತೊಟ್ಟು ಬಿರಿದು ರಕ್ತ ಬರುತ್ತಿದ್ದುದನ್ನು ಆ ಹುಡುಗಿ ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಆಶಾ ಕೂಸಿನ ಹೊಟ್ಟೆಯನ್ನು ತಾಯಿಯ ಹೊಟ್ಟೆಗೆ ತಾಗಿಸಿ ಮಲಗಿಸಿ, ಅದು ಬಾಯಿ ಅಗಲವಾಗಿ ತೆರೆಯುವವರೆಗೆ ಕಾದು, ಗದ್ದ ಎದೆಗೆ ಒತ್ತುವಂತೆ, ಕೆಳದುಟಿ ಹೊರಕ್ಕೆ ಮಡಚಿಕೊಳ್ಳುವಂತೆ ಹಿಡಿಸಿದಳು. ಸ್ವಲ್ಪ ಹೊತ್ತಿನಲ್ಲಿ ಕೂಸು ಗುಟುಕು ನುಂಗುವ ಸದ್ದು ನನ್ನ ಕಿವಿಗೂ ಕೇಳಿಸಿತು. ದಿನಕ್ಕೆ ಎಷ್ಟು ಸಲ ಉಣಿಸುವುದೆಂದು ಕೇಳಿದಾಗ ಸಿಕ್ಕ ಉತ್ತರ ಆರು; ಹಗಲು ಗಡಿಯಾರ ನೋಡಿ ಮೂರು ತಾಸಿಗೊಮ್ಮೆ, ರಾತ್ರಿ ಒಂದೇ ಸಲ, ಯಾಕೆಂದರೆ ಮಗಳು ನಿದ್ದೆ ಮಾಡಲೆಂದು ನನ್ನ ತಂಗಿಯೇ ಕೂಸನ್ನು ತೂಗಿ ಮಲಗಿಸುತ್ತಿದ್ದಳು. ಉಣಿಸಬೇಕಾದದ್ದು ಎಂಟರಿಂದ ಹನ್ನೆರಡು ಸಲ. ಕೂಸು ಎಷ್ಟು ಎಳೆದುಕೊಳ್ಳುತ್ತದೆಯೋ ಅಷ್ಟು ಹಾಲು ಮತ್ತೆ ತುಂಬುತ್ತದೆ. ಹಾಲು ಉತ್ಪತ್ತಿ ಮಾಡುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿಯಲ್ಲೇ ಹೆಚ್ಚು. ಏಳು ದಿನಗಳಲ್ಲಿ, ಅದೇ ತಕ್ಕಡಿಯಲ್ಲಿ, 200 ಗ್ರಾಂ ಏರಿದೆ. ದಿನಕ್ಕೆ ಎಷ್ಟೆಂದು ನೀವೇ ಭಾಗಿಸಿ ನೋಡಿ.

‘ಹಾಗಾದರೆ ಡಬ್ಬಿ ಹಾಲು ಯಾರಿಗೂ ಬೇಡವೇ’ ಎಂದು ಈ ಬರಹದ ಕೆಳಗೆ ಬಂದು ಕೇಳುವವರಿದ್ದೀರಿ. ಥೈರಾಯ್ಡ್ ತೊಂದರೆ, ಗರ್ಭಕೋಶದಲ್ಲಿ ಉಳಿದುಹೋದ ಮಾಸಿನ ಚೂರು, ಎದೆಯ ಶಸ್ತ್ರಚಿಕಿತ್ಸೆ, ಇಂಥ ಕಾರಣಗಳಿಂದ ನಿಜವಾಗಿಯೂ ಹಾಲು ಸಾಲದ ತಾಯಂದಿರಿದ್ದಾರೆ. ಕೂಸು ಎಬ್ಬಿಸಿದರೂ ಏಳದಿದ್ದರೆ, ಉಚ್ಚೆ ಹೊಯ್ಯುವುದು ಕಡಿಮೆಯಾದರೆ, ನನ್ನ ಈ ಬರಹವನ್ನು ಬದಿಗಿಟ್ಟು ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಆದರೆ ಅಂಥ ತಾಯಿ ಯಾರು, ಇಂಥ ತಾಯಿ ಯಾರು ಎಂಬುದು ನೋಡದೆ ಹೇಗೆ ತಿಳಿಯುತ್ತದೆ? ಜನ ಬಹಳ, ಸಮಯವಿಲ್ಲ ಎನ್ನುತ್ತಾರೆ. ನಾವು ಎರಡು ತಾಸು ಬೆಂಚಿನ ಮೇಲೆ ಕುಳಿತಿದ್ದೆವು. ಅಷ್ಟರಲ್ಲಿ ಅಲ್ಲಿದ್ದ ನರ್ಸುಗಳಲ್ಲಿ ಒಬ್ಬಳಾದರೂ ಬಂದು ನೋಡಬಹುದಿತ್ತು.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿದೆ, ಅದನ್ನು ಇಂದಿನವರೆಗೆ ಎಲ್ಲಿಯೂ ಬರೆದಿಲ್ಲ. 1994ರಲ್ಲಿ ನನ್ನ ಹಿರಿಯ ಮಗ ಹುಟ್ಟಿದಾಗ ‘ಆಕಿ ಹಾಲು ತೆಳ್ಳಗಾವ’ ಎಂದ ಮನೆಯವರ ಮಾತನ್ನು ನಂಬಿ ಡಬ್ಬಿ ತರಿಸಿದೆ. 30 ಮಿಲಿಲೀಟರ್ ನೀರಿಗೆ ಒಂದು ಸಮಚಮಚ ಎಂದು ಅದರ ಮೇಲೆಯೇ ಇತ್ತು. 90ಕ್ಕೆ ಮೂರು ಹಾಕಬೇಕಾದಲ್ಲಿ ನಾನು ಎರಡು ಹಾಕುತ್ತಿದ್ದೆ, ಡಬ್ಬಿ ತಿಂಗಳು ಪೂರ್ತಿ ಬರಲೆಂದು. ಶಾಲೆಯಲ್ಲಿ ಅನುಪಾತ ಕಲಿಸುತ್ತಿದ್ದವಳು ನಾನು. ಬಾಟಲಿಗೆ ಹೊಂದಿಕೊಂಡ ಕೂಸು ಎದೆ ಎಳೆಯುವುದನ್ನು ಬಿಟ್ಟಿತು, ಇದ್ದ ಹಾಲೂ ಬತ್ತಿತು, ಆ ನೀರು ಹಾಲು ಕುಡಿದು ಅವನು ಸೊರಗಿದ. ಅವನು ಈಗ ಪುಣೆಯಲ್ಲಿ ಕುಳಿತು ಇದನ್ನು ಓದುತ್ತಾನೆ. ಓದಲಿ.

ಶಿಶು ಆಹಾರದ ಜಾಹೀರಾತು ಮಾಡಬಾರದು, ತಾಯಂದಿರಿಗೆ ಪುಕ್ಕಟೆ ಮಾದರಿ ಹಂಚಬಾರದು, ಡಬ್ಬಿಯ ಮೇಲೆ ಕೂಸಿನ ಚಿತ್ರ ಹಾಕಬಾರದು ಎಂದು 1992ರಲ್ಲೇ ಕಾಯ್ದೆ ಬಂದು, 2003ರಲ್ಲಿ ಇನ್ನಷ್ಟು ಬಿಗಿಯಾಗಿದೆ. ತಾಯಿಯ ಹಾಲೇ ಕೂಸಿಗೆ ಅತ್ಯುತ್ತಮ ಎಂದು ಡಬ್ಬಿಯ ಮೇಲೆಯೇ ಮುದ್ರಿಸಬೇಕೆನ್ನುವುದೂ ಅದೇ ಕಾಯ್ದೆ. ಆ ದಿನ ಆ ಆಸ್ಪತ್ರೆಯಲ್ಲಿ ನಮಗೆ ನಿಜ ಹೇಳಿದ್ದು ಡಬ್ಬಿಯೊಂದೇ.

ಅದು ಇನ್ನೂ ತಂಗಿಯ ಮನೆಯ ಮಾಡದಲ್ಲಿ ಒಡೆಯದೆ ಕುಳಿತಿದೆ. ಔಷಧ ಅಂಗಡಿಯವನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಫೋನಿನಲ್ಲಿ ಹೇಳಿದ್ದಾನೆ. ಸೋಮವಾರ ನಾನೇ ಹೋಗುತ್ತೇನೆ, ಮೂರೂ ತೂಕಗಳನ್ನು ಬರೆದ ಚೀಟಿಯನ್ನೂ ಹಿಡಿದುಕೊಂಡು. ಅಂಗಡಿಗೆ ಹೋಗುವ ಮೊದಲು ಆಸ್ಪತ್ರೆಯ ಅದೇ ಬೆಂಚಿನ ಮೇಲೆ ಇನ್ನೆರಡು ತಾಸು ಕುಳಿತರೂ ಚಿಂತೆಯಿಲ್ಲ.