ಕನ್ನಡ ಸಿನಿಮಾಗಳನ್ನು ಹಾರ್ಡ್ ಡಿಸ್ಕಿಗೆ ಹಾಕಿ ಮರೆತಿದ್ದೇವೆ

ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ. ಇಳಿದ ಮೇಲೆ ಎಲ್ಲರೂ ಸುಮ್ಮನಾಗುತ್ತಾರೆ, ನಮ್ಮ ಉದ್ಯಮ ಹಾಳಾಗಿರುವುದೇ ಹಾಗೆ.

ಗೆಳೆಯರೊಬ್ಬರು 2013ರಲ್ಲಿ ಒಂದು ಸಿನಿಮಾ ಮಾಡಿದ್ದರು. ಹೆಸರು ಹೇಳುವುದಿಲ್ಲ, ಅವರು ಈಗಾಗಲೇ ಸಾಕಷ್ಟು ನೊಂದಿದ್ದಾರೆ. ಸಣ್ಣ ಬಂಡವಾಳ, ಮಲೆನಾಡಿನ ಒಂದೇ ಊರಿನಲ್ಲಿ ಚಿತ್ರೀಕರಣ, ಚಿತ್ರಮಂದಿರದಲ್ಲಿ ಒಂದೇ ವಾರದ ಓಟ. ನೋಡಿದವರು ಕಡಿಮೆ, ಆದರೆ ನೋಡಿದವರು ಮರೆತಿಲ್ಲ. ಒಂದು ಕಾಲೇಜಿನ ಚಿತ್ರಸಮಾಜದ ಹುಡುಗ ಹುಡುಗಿಯರು ಅದನ್ನು ದೊಡ್ಡ ಪರದೆಯ ಮೇಲೆ ತೋರಿಸಬೇಕೆಂದು ಕೇಳಿಕೊಂಡು ಬಂದರು. ಬೀರುವಿನಿಂದ ಹಾರ್ಡ್ ಡಿಸ್ಕ್ ಹೊರಗೆ ಬಂತು. ಕಂಪ್ಯೂಟರಿಗೆ ಜೋಡಿಸಿದರೆ ಟಿಕ್ ಟಿಕ್ ಎಂಬ ಸದ್ದು, ಮುಂದೆ ಏನೂ ಇಲ್ಲ. ಎರಡನೆಯ ಡಿಸ್ಕ್ ತೆರೆದುಕೊಂಡಿತು. ಅದರಲ್ಲಿ ಇದ್ದದ್ದು ಗೂಢಲಿಪಿಯಲ್ಲಿ ಮುಚ್ಚಿಟ್ಟ ಡಿಸಿಪಿ, ಅಂದರೆ ಚಿತ್ರಮಂದಿರಕ್ಕೆ ಕಳುಹಿಸುವ ಡಿಜಿಟಲ್ ಪ್ರತಿ. ಅದನ್ನು ಬಿಡಿಸುವ ಕೀಲಿಯನ್ನು ಹೊಸದಾಗಿ ಮಾಡಿಕೊಡಬೇಕಾದ ಸ್ಟುಡಿಯೊ ಬಾಗಿಲು ಹಾಕಿ ವರ್ಷಗಳೇ ಆಗಿವೆ. ಕೊನೆಗೆ ಆ ಮಕ್ಕಳ ಕೈಗೆ ಸಿಕ್ಕಿದ್ದು ಒಂದು ಡಿವಿಡಿ. ಮೂಲೆಯಲ್ಲಿ ವಾಹಿನಿಯ ಲಾಂಛನ, ಮುಖಗಳೆಲ್ಲ ಮಸುಕು, ಇಡೀ ಚಿತ್ರದ ಜೀವವಾಗಿದ್ದ ಮಳೆಯ ಸದ್ದು ಎಲ್ಲೋ ಹುದುಗಿಹೋಗಿದೆ.

ಗೆಳೆಯರು ಏನೂ ಮಾತಾಡಲಿಲ್ಲ. ನನಗೆ ಮಾತ್ರ ತಡೆಯಲಾಗುತ್ತಿಲ್ಲ. ಆ ಚಿತ್ರಕ್ಕೆ ಇನ್ನೂ ಹದಿನೈದು ವರ್ಷವೂ ತುಂಬಿಲ್ಲ!

ಫಿಲ್ಮಿನ ಕಾಲದಲ್ಲಿ ಸಂಕಲನದ ಕೋಣೆಯಲ್ಲಿ ಸಹಾಯಕನಾಗಿ ಬೆಳೆದವನು ನಾನು. ಎರಡೂವರೆ ಗಂಟೆಯ ಚಿತ್ರವೆಂದರೆ ಸುಮಾರು 13,500 ಅಡಿ ಫಿಲ್ಮು, ಏಳು ದೊಡ್ಡ ರೀಲು. ಅದರ ನೆಗೆಟಿವ್ ಇರುತ್ತಿದ್ದುದು ಮದ್ರಾಸಿನ ಯಾವುದಾದರೂ ಲ್ಯಾಬಿನಲ್ಲಿ. ನಿರ್ಮಾಪಕ ಸಾಲದಲ್ಲಿ ಮುಳುಗಿದರೂ, ಬಾಕಿ ಹಣ ಕೊಡದೆ ಊರು ಬಿಟ್ಟರೂ ನೆಗೆಟಿವ್ ಡಬ್ಬಗಳು ಲ್ಯಾಬಿನ ಕಪಾಟಿನಲ್ಲಿ ಬಿದ್ದಿರುತ್ತಿದ್ದವು. ಯಾರೂ ಅಕ್ಕರೆಯಿಂದ ಕಾಪಾಡಿದ್ದಲ್ಲ, ಎಸೆಯಲು ಮನಸ್ಸು ಬಾರದೆ ಇಟ್ಟುಕೊಂಡಿದ್ದು. ಹಾಗೆ ಬಿದ್ದಿದ್ದರೂ ಎಷ್ಟೋ ಚಿತ್ರಗಳು ಉಳಿದವು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರ ಚಿತ್ರ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು ಪುನರುಜ್ಜೀವನಗೊಳಿಸಿದವು, 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದು ಪ್ರದರ್ಶನ ಕಂಡಿತು. 47 ವರ್ಷಗಳ ಬಳಿಕ! ಏಕೆ ಸಾಧ್ಯವಾಯಿತು? ಹಿಡಿದು ಬೆಳಕಿಗೆ ಒಡ್ಡಿದರೆ ಕಣ್ಣಿಗೇ ಕಾಣುವ ಫಿಲ್ಮು ಉಳಿದಿತ್ತು, ಅದಕ್ಕೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ವರ್ಣದಲ್ಲಿ ಬಂದಾಗ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಂದಾಗ ನಾವೆಲ್ಲ ಸಾಲು ನಿಂತು ನೋಡಿದೆವಲ್ಲ, ಅದೂ ಹಾಗೆಯೇ. 2013ರ ಒಂದು ಕನ್ನಡ ಚಿತ್ರಕ್ಕೆ 2060ರಲ್ಲಿ ಆ ಭಾಗ್ಯ ಇದೆಯೇ, ಯೋಚಿಸಿ ನೋಡಿ.

ಡಿಜಿಟಲ್ ಬಂದದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕ್ಯಾಮೆರಾಕ್ಕೆ ಫಿಲ್ಮು ತುಂಬುವ 400 ಅಡಿಯ ಒಂದು ಮ್ಯಾಗಜಿನ್ ನಾಲ್ಕೂವರೆ ನಿಮಿಷವೂ ಓಡುತ್ತಿರಲಿಲ್ಲ. ಹೊಸ ನಟಿಯೊಬ್ಬಳು ಮಾತು ತಡವರಿಸಿದರೆ ನಿರ್ಮಾಪಕನ ಮುಖ ಕಪ್ಪಿಡುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಡಿಜಿಟಲ್ ಕ್ಯಾಮೆರಾ ಇಲ್ಲದಿದ್ದರೆ ನನ್ನ ಗೆಳೆಯರ ಆ ಚಿತ್ರವೇ ಹುಟ್ಟುತ್ತಿರಲಿಲ್ಲ. ಹಂಚಿಕೆಯಲ್ಲೂ ಅಷ್ಟೇ. ಬೆಂಗಳೂರು, ಮೈಸೂರಿನಲ್ಲಿ ಓಡಿ ಗೀರು ಬಿದ್ದ ಪ್ರಿಂಟು ವಾರಗಟ್ಟಲೆ ತಡವಾಗಿ ಸಣ್ಣ ಊರಿಗೆ ಬರುತ್ತಿದ್ದ ಕಾಲ ಹೋಗಿ, ಸಿಂಧನೂರಿನವರೂ ಸಾಗರದವರೂ ಬಿಡುಗಡೆಯ ದಿನವೇ ನೋಡುವಂತಾಯಿತು. ಇದು ದೊಡ್ಡ ನ್ಯಾಯ. ಡಿಜಿಟಲ್ ಪ್ರದರ್ಶನಕ್ಕೆ ನಿರ್ಮಾಪಕರು ಕಟ್ಟಬೇಕಾದ ವಿಪಿಎಫ್ ಎಂಬ ಶುಲ್ಕದ ಜಗಳವೂ ನೆನಪಿದೆ. 2018ರ ಮಾರ್ಚಿನಲ್ಲಿ ದಕ್ಷಿಣದ ನಿರ್ಮಾಪಕರೆಲ್ಲ ಒಟ್ಟಾಗಿ ಹೊಸ ಬಿಡುಗಡೆ ನಿಲ್ಲಿಸಿದಾಗ ನಮ್ಮವರೂ ಜೊತೆಗಿದ್ದರು. ತೋರಿಸುವುದಕ್ಕೆ ಎಷ್ಟು ಕೊಡಬೇಕು ಎಂದು ಇಷ್ಟೆಲ್ಲ ಗಟ್ಟಿಯಾಗಿ ಕೂಗಿದವರು, ಉಳಿಸುವುದಕ್ಕೆ ಏನು ಮಾಡಬೇಕು ಎಂದು ಒಂದು ಸಭೆಯನ್ನಾದರೂ ಕರೆಯಬೇಕಿತ್ತು. ನನ್ನ ಸಂಕಟ ಇಷ್ಟೇ, ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ: ಮಾಡುವುದು ಅಗ್ಗವಾಯಿತು, ಉಳಿಸುವುದು ದುಬಾರಿಯಾಯಿತು. ಆ ಎರಡನೆಯ ಮಾತನ್ನು ಯಾರೂ ನಿರ್ಮಾಪಕನಿಗೆ ಹೇಳಲಿಲ್ಲ.

ಇದು ನನ್ನ ಊಹೆಯಲ್ಲ. ಆಸ್ಕರ್ ಕೊಡುವ ಅಕಾಡೆಮಿಯೇ 2007ರಲ್ಲಿ ಲೆಕ್ಕ ಹಾಕಿ ಹೇಳಿತ್ತು. ಒಂದು ಚಿತ್ರದ ಫಿಲ್ಮ್ ಮಾಸ್ಟರನ್ನು, ಅಂದರೆ ಮೂಲ ಪ್ರತಿಯನ್ನು, ಕಾಪಾಡಲು ವರ್ಷಕ್ಕೆ 1,059 ಡಾಲರ್ ಸಾಕು, 4ಕೆ ಡಿಜಿಟಲ್ ಮಾಸ್ಟರಿಗಾದರೆ 12,514 ಡಾಲರ್ ಬೇಕು. ಸುಮಾರು 12 ಪಟ್ಟು. ಡಿಸ್ಕುಗಳ ಬೆಲೆ ಆಮೇಲೆ ಇಳಿದಿದೆ, ನಿಜ. ಆದರೆ ಕೆಲಸದ ಸ್ವಭಾವ ಬದಲಾಗಿಲ್ಲ. ಫಿಲ್ಮನ್ನು ತಂಪಾದ, ಒಣಗಿದ ಕೋಣೆಯಲ್ಲಿಟ್ಟು ಬಾಗಿಲು ಹಾಕಿದರೆ ದಶಕಗಳ ಕಾಲ ಇರುತ್ತದೆ. ಡಿಜಿಟಲ್ ಕಡತವನ್ನು ಹಾಗೆ ಬಿಟ್ಟು ಹೋಗುವಂತಿಲ್ಲ. ಕೆಲವು ವರ್ಷಗಳಿಗೊಮ್ಮೆ ಹೊಸ ಮಾಧ್ಯಮಕ್ಕೆ ದಾಟಿಸುತ್ತಲೇ ಇರಬೇಕು. ಹಾರ್ಡ್ ಡಿಸ್ಕ್ ಬೇಡ, ದತ್ತಾಂಶ ಕಾಪಿಡುವ ಎಲ್‌ಟಿಒ ಎಂಬ ಕಾಂತೀಯ ಟೇಪಿಗೆ ಹಾಕಿ ಎನ್ನುತ್ತಾರೆ, ಸರಿಯಾದ ಸಲಹೆಯೇ. ಆದರೆ 2010ರ ಎಲ್‌ಟಿಒ-5 ಟೇಪನ್ನು 2017ರ ಎಲ್‌ಟಿಒ-8 ಯಂತ್ರ ಓದುವುದಿಲ್ಲ. ಹಳೆಯ ಯಂತ್ರವನ್ನು ಹುಡುಕಬೇಕು. ಹಾಲಿವುಡ್ಡಿನ ದೊಡ್ಡ ಸ್ಟುಡಿಯೊಗಳು ಡಿಜಿಟಲ್‌ನಲ್ಲೇ ತೆಗೆದ ಚಿತ್ರಗಳನ್ನೂ ಮೂರು ಬಣ್ಣಗಳಾಗಿ ಬೇರ್ಪಡಿಸಿ ಕಪ್ಪು-ಬಿಳುಪು ಫಿಲ್ಮಿನ ಮೇಲೆ ಅಚ್ಚು ಹಾಕಿಸಿ ಇಟ್ಟುಕೊಳ್ಳುತ್ತಿರುವುದು ಸುಮ್ಮನೆ ಅಲ್ಲ.

ನಮ್ಮಲ್ಲಿ ಏನಾಗುತ್ತಿದೆ? ಚಿತ್ರೀಕರಣಕ್ಕೆ ಡಿಸ್ಕ್ ತರುತ್ತಾರೆ. ಬಿಡುಗಡೆಯಾಗಿ ಚಿತ್ರ ಸೋತರೆ ಅದೇ ಡಿಸ್ಕನ್ನು ಅಳಿಸಿ ಮುಂದಿನ ಚಿತ್ರಕ್ಕೆ ಬಳಸುತ್ತಾರೆ. ವರ್ಣ ಸಂಸ್ಕರಣೆ ಮುಗಿದ ಮೂಲ ಮಾಸ್ಟರ್ ಆ ಕೆಲಸ ಮಾಡಿದ ಡಿಐ ಸ್ಟುಡಿಯೊದಲ್ಲಿ ಉಳಿಯುತ್ತದೆ, ಬಾಕಿ ಹಣ ಬರದಿದ್ದರೆ ಅವರು ಜಾಗ ಖಾಲಿ ಮಾಡಿಕೊಳ್ಳುತ್ತಾರೆ. ಅವರನ್ನು ಬೈಯಲಾರೆ, ಅವರೇನು ಧರ್ಮಶಾಲೆ ನಡೆಸುತ್ತಿಲ್ಲ. ನಿರ್ಮಾಪಕನ ಕೈಯಲ್ಲಿ ಉಳಿಯುವುದು ಡಿಸಿಪಿ ಮಾತ್ರ. ಅದಕ್ಕೆ ಬೇಕಾದ ಕೆಡಿಎಂ ಎಂಬ ಕೀಲಿಯಲ್ಲಿ ಯಾವ ಚಿತ್ರಮಂದಿರದ ಯಾವ ಸರ್ವರ್, ಯಾವ ದಿನದಿಂದ ಯಾವ ದಿನದವರೆಗೆ ಎಂಬುದೆಲ್ಲ ನಮೂದಾಗಿರುತ್ತದೆ. ಅವಧಿ ಮುಗಿದ ಮೇಲೆ ಆ ಡಿಸ್ಕು ಬೀಗದ ಕೈ ಕಳೆದುಹೋದ ತಿಜೋರಿ. ಒಳಗೆ ಎಲ್ಲವೂ ಇದೆ, ಹೊರಗೆ ಏನೂ ಬರುವುದಿಲ್ಲ.

ಈಗ ಕೆಲವರು ಕೇಳುತ್ತೀರಿ, ಫಿಲ್ಮೂ ಹಾಳಾಗಿತ್ತಲ್ಲ ಎಂದು. ಹೌದು, ಹಾಳಾಗಿತ್ತು. ನಮ್ಮ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ ಇಂದು ನೋಡಲು ಇಲ್ಲ. 1931ರ ‘ಆಲಂ ಆರಾ’ ಇಲ್ಲ. ಫಿಲ್ಮಿನಲ್ಲಿರುವ ಬೆಳ್ಳಿಯ ಆಸೆಗೆ ಕಪ್ಪು-ಬಿಳುಪು ಫಿಲ್ಮುಗಳನ್ನು ತೊಳೆದು ಹಾಕಿದರು. 2003ರ ಜನವರಿಯಲ್ಲಿ ಪುಣೆಯ ಚಿತ್ರ ಸಂಗ್ರಹಕ್ಕೆ ಬಿದ್ದ ಬೆಂಕಿ ಬೇಗ ಹೊತ್ತಿಕೊಳ್ಳುವ ಹಳೆಯ ನೈಟ್ರೇಟ್ ಫಿಲ್ಮುಗಳನ್ನು ನುಂಗಿತು. ಇದನ್ನೆಲ್ಲ ತಿಳಿದವರು ನಾವು. ಅಂದಿನವರಿಗೆ ಸಿನಿಮಾ ಉಳಿಸಬೇಕಾದ ವಸ್ತು ಎಂಬ ಅರಿವೇ ಇರಲಿಲ್ಲ. ನಮಗೆ ಅರಿವಿದೆ, ಕಳೆದುಕೊಂಡದ್ದರ ದುಃಖವೂ ಇದೆ, ಆದರೂ ಅದನ್ನೇ ಮಾಡುತ್ತಿದ್ದೇವೆ. ಇನ್ನೂ ಒಂದು ವ್ಯತ್ಯಾಸ. ಫಿಲ್ಮು ಕೆಡುವಾಗ ವಿನೆಗರ್ ವಾಸನೆ ಬರುತ್ತದೆ, ಬಣ್ಣ ಮಾಸುತ್ತದೆ, ಸುಕ್ಕುಗಟ್ಟುತ್ತದೆ. ಅರ್ಧವಾದರೂ ಕೈಗೆ ಸಿಗುತ್ತದೆ. ಡಿಸ್ಕು ಯಾವ ಸೂಚನೆಯನ್ನೂ ಕೊಡದೆ ಒಂದು ದಿನ ನಿಂತುಬಿಡುತ್ತದೆ.

ಯೂಟ್ಯೂಬಿನಲ್ಲಿ ಇದೆಯಲ್ಲ, ಒಟಿಟಿಯಲ್ಲಿ ಇರುತ್ತದಲ್ಲ ಎನ್ನುವವರೂ ಇದ್ದಾರೆ. ಸಣ್ಣ ಕನ್ನಡ ಚಿತ್ರಗಳನ್ನು ಒಟಿಟಿಗಳು ಎಷ್ಟು ಕೊಳ್ಳುತ್ತವೆ ಎಂದು ಯಾವ ನಿರ್ದೇಶಕನನ್ನಾದರೂ ಕೇಳಿ ನೋಡಿ. ಕೊಂಡರೂ ಒಪ್ಪಂದದ ಅವಧಿ ಮುಗಿದ ದಿನ ಚಿತ್ರ ಅಲ್ಲಿಂದ ಮಾಯವಾಗುತ್ತದೆ. ಯೂಟ್ಯೂಬಿನಲ್ಲಿರುವುದು ಹಿಂಡಿ ಚಿಕ್ಕದು ಮಾಡಿದ ಪ್ರತಿ, ಅದರಿಂದ ದೊಡ್ಡ ಪರದೆಯ ಚಿತ್ರವನ್ನು ಮತ್ತೆ ಕಟ್ಟಲು ಆಗುವುದಿಲ್ಲ. ಸೆನ್ಸಾರ್ ಮಂಡಳಿಗೆ ಕೊಡುವ ಪ್ರತಿಯೂ ಅಷ್ಟೇ. ಯಾವುದಕ್ಕೆ ಪ್ರಮಾಣಪತ್ರ ಕೊಟ್ಟರು ಎಂಬುದರ ದಾಖಲೆ ಅದು, ಮಾಸ್ಟರ್ ಅಲ್ಲ.

ಈ ದೇಶದಲ್ಲಿ ಪುಸ್ತಕಕ್ಕೆ 1954ರಿಂದ ಕಾನೂನು ಇದೆ. ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಕೆಲವು ಸಾರ್ವಜನಿಕ ಗ್ರಂಥಾಲಯಗಳಿಗೂ ಪ್ರತಿ ಕಳುಹಿಸಲೇಬೇಕು. ನೂರು ಪ್ರತಿ ಅಚ್ಚಾದ ಕವನಸಂಕಲನಕ್ಕೂ ಆ ರಕ್ಷಣೆ ಉಂಟು. ಸಿನಿಮಾದ ಮಾಸ್ಟರಿಗೆ ಅಂಥ ಕಾನೂನು ಇಲ್ಲ. ಫ್ರಾನ್ಸಿನಲ್ಲಿ ಸಿನಿಮಾಕ್ಕೂ ಇದೆ. ಕೇಂದ್ರದ ಚಲನಚಿತ್ರ ಪರಂಪರೆ ಯೋಜನೆಗೆ 597 ಕೋಟಿ ರೂಪಾಯಿ ತೆಗೆದಿಟ್ಟದ್ದು ಸಂತೋಷದ ಸಂಗತಿ, ಆದರೆ ಅದರ ಕಣ್ಣು ಮುಖ್ಯವಾಗಿ ಹಳೆಯ ಫಿಲ್ಮುಗಳ ಮೇಲಿದೆ. ಡಿಜಿಟಲ್‌ನಲ್ಲೇ ಹುಟ್ಟಿದ ಚಿತ್ರಗಳು ಹೊಸವು, ಅವಕ್ಕೇನಾಗುತ್ತದೆ ಎಂಬ ಭಾವನೆ. ಅವಕ್ಕೇ ಮೊದಲು ಆಗುತ್ತಿದೆ.

ಕರ್ನಾಟಕ ಸರ್ಕಾರ ವರ್ಷಕ್ಕೆ ನೂರಕ್ಕೂ ಹೆಚ್ಚು ಚಿತ್ರಗಳಿಗೆ ಸಬ್ಸಿಡಿ ಕೊಡುವ ನೀತಿ ಇಟ್ಟುಕೊಂಡಿದೆ, ಚಿತ್ರಕ್ಕೆ 10 ಲಕ್ಷ ರೂಪಾಯಿ. ಅದು ನಮ್ಮೆಲ್ಲರ ದುಡ್ಡು. ನೋಡಿ ಅಂಕ ಹಾಕಲು ಸಲ್ಲಿಸುವ ಪ್ರತಿಯಿಂದ ಕೆಲಸ ಮುಗಿಯದು. ಗೂಢಲಿಪಿ ಇಲ್ಲದ ಡಿಸಿಪಿ, ಡಿಐ ಮಾಸ್ಟರ್, ಬೇರೆ ಬೇರೆಯಾಗಿ ಇಟ್ಟ ಧ್ವನಿಪಥಗಳು, ಸಬ್‌ಟೈಟಲ್ ಕಡತ, ಇಷ್ಟನ್ನೂ ಎರಡು ಟೇಪುಗಳಲ್ಲಿ ಒಪ್ಪಿಸಿದ ಮೇಲೆಯೇ ಹಣ ಬಿಡುಗಡೆ ಮಾಡಲಿ. ಒಂದು ಟೇಪು ಬೆಂಗಳೂರಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ಐದು ವರ್ಷಗಳಿಗೊಮ್ಮೆ ದಾಟಿಸುವ ಖರ್ಚನ್ನು ಸರ್ಕಾರವೇ ಹೊರಲಿ. ಹಕ್ಕು ನಿರ್ಮಾಪಕರದೇ ಆಗಿರಲಿ, ಯಾರೂ ಅದನ್ನು ಕೇಳುತ್ತಿಲ್ಲ. ಪ್ರಶಸ್ತಿ ಸಮಾರಂಭದ ವೇದಿಕೆಗೆ ಹಾಕುವ ಹೂವಿನ ಅಲಂಕಾರ ಒಂದು ವರ್ಷ ಕಡಿಮೆಯಾದರೂ ಪರವಾಗಿಲ್ಲ.

ಸರ್ಕಾರ ಎಚ್ಚರಗೊಳ್ಳುವವರೆಗೆ ಕಾಯಬೇಡಿ. 2010ರಿಂದ ಈಚೆಗೆ ಚಿತ್ರ ಮಾಡಿದ ನಿರ್ಮಾಪಕರು, ನಿರ್ದೇಶಕರು ಇದನ್ನು ಓದುವವರಲ್ಲಿ ಎಷ್ಟೋ ಜನರಿದ್ದೀರಿ. ನಿಮ್ಮ ಡಿಸ್ಕುಗಳನ್ನು ಹೊರಗೆ ತೆಗೆದು ಜೋಡಿಸಿ ನೋಡಿ, ಹೊಸದಕ್ಕೆ ಎರಡು ಪ್ರತಿ ಮಾಡಿ. ಡಿಸಿಪಿ ಮಾಡಿಕೊಟ್ಟ ಸ್ಟುಡಿಯೊಗೆ ಫೋನ್ ಮಾಡಿ ಗೂಢಲಿಪಿ ಇಲ್ಲದ ಪ್ರತಿಯನ್ನು ಕೇಳಿ ಪಡೆಯಿರಿ. ಹೇಗೆ ಮಾಡುವುದು ಎಂದು ತಿಳಿಯದಿದ್ದರೆ ನನ್ನನ್ನು ಕರೆಯಿರಿ, ಬಂದು ಕೂತು ಮಾಡಿಕೊಡುತ್ತೇನೆ. ದುಡ್ಡು ಬೇಡ. ನನ್ನ ಗೆಳೆಯರ ಚಿತ್ರದಲ್ಲಿ ಕೆಲಸ ಮಾಡಿದ ಎಲ್ಲರಿಗೂ ಇವತ್ತಿನಿಂದ ಫೋನ್ ಮಾಡಲು ಶುರು ಮಾಡಿದ್ದೇನೆ. ಛಾಯಾಗ್ರಾಹಕರ ಹಳೆಯ ಸಹಾಯಕರೊಬ್ಬರು ಮನೆಯಲ್ಲಿ ಹುಡುಕಿ ಹೇಳುತ್ತೇನೆ ಎಂದಿದ್ದಾರೆ.