ವಕೀಲರ ಫೀಸು ಎಷ್ಟು ಅಂತ ಕೋರ್ಟೇ ಕೇಳಲಿ

ಅಮೆರಿಕದ ನ್ಯೂಜೆರ್ಸಿಯಲ್ಲಿ ನನ್ನ ಮಗ ಸೈಕಲ್‌ನಲ್ಲಿ ಹೋಗುವಾಗ ಕಾರು ಗುದ್ದಿ ಮೊಣಕೈ ಮುರಿಯಿತು. ಇನ್ಶೂರೆನ್ಸ್‌ನವರು 40,000 ಡಾಲರ್ ಕೊಡಲು ಒಪ್ಪಿದರು, ನಾವೂ ಹೂಂ ಅಂದೆವು. ಆದರೆ ಮಕ್ಕಳ ಕೇಸು ಇಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. ರಾಜಿಯನ್ನು ಜಡ್ಜ್ ಒಪ್ಪಬೇಕು. ಇದಕ್ಕೆ 'ಫ್ರೆಂಡ್ಲಿ ಹಿಯರಿಂಗ್' ಅನ್ನುತ್ತಾರೆ.

ಜಡ್ಜ್ ಮೊದಲು ಮಗನಿಗೆ ಕೈ ಮಡಚಿ, ಚಾಚಿ ತೋರಿಸು ಅಂದರು. ಆಮೇಲೆ ನಮ್ಮ ವಕೀಲರ ಖರ್ಚಿನ ಪಟ್ಟಿ ಹಿಡಿದು ಒಂದೊಂದೇ ಸಾಲು ಓದಿದರು. ಒಟ್ಟು 1,350 ಡಾಲರ್. ಅದರಲ್ಲಿ ಜೆರಾಕ್ಸ್‌ಗೇ 150. ಇಷ್ಟು ಯಾಕೆ ಅಂದರು. ಉತ್ತರ ಸರಿಬರಲಿಲ್ಲ, ಆ ಸಾಲನ್ನು ಹೊಡೆದುಹಾಕಿದರು. ಖರ್ಚು ಕಳೆದು ಉಳಿದ 38,800ರಲ್ಲಿ ನೂರಕ್ಕೆ 25, ಅಂದರೆ 9,700 ಡಾಲರ್ ಫೀಸು. ಮಕ್ಕಳ ಕೇಸು ಹೀಗೆ ರಾಜಿಯಾದರೆ ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ದೊಡ್ಡವರ ಕೇಸಿಗೂ ಮಿತಿ ಇದೆ. ಮೊದಲ ಏಳೂವರೆ ಲಕ್ಷ ಡಾಲರ್‌ಗೆ ಮೂರರಲ್ಲೊಂದು ಪಾಲು, ಆಮೇಲೆ ಇಳಿಯುತ್ತಾ ಹೋಗುತ್ತದೆ. 30 ಲಕ್ಷ ದಾಟಿದ ಹಣಕ್ಕೆ ವಕೀಲರು ಕೋರ್ಟಿಗೇ ಅರ್ಜಿ ಹಾಕಬೇಕು.

ಅಲ್ಲಿ ಕೂತಿದ್ದಾಗ ತುಮಕೂರಿನ ನಮ್ಮ ಭಾವ ನೆನಪಾದರು. ಅಪಘಾತದಲ್ಲಿ ಅವರ ಕಾಲು ಮುರಿದಿತ್ತು. ಪರಿಹಾರ 4 ಲಕ್ಷ ಬಂತು. ಅರ್ಧ ದುಡ್ಡು ಎಫ್‌ಡಿ ಇಡಿ ಅಂತ ಅಪಘಾತ ಪರಿಹಾರದ ಕೋರ್ಟು, ಅಂದರೆ ಟ್ರಿಬ್ಯೂನಲ್, ಕಾಳಜಿಯಿಂದಲೇ ಹೇಳಿತು. ಆದರೆ ವಕೀಲರ ಜತೆ ಬಾಯಿಮಾತಲ್ಲಿ ನೂರಕ್ಕೆ 20 ಅಂತ ಆಗಿತ್ತು, ಅದೂ ಪೂರ್ತಿ ಮೊತ್ತಕ್ಕೆ. ಸಹಿ ಹಾಕಿದ ಖಾಲಿ ಚೆಕ್ಕು ಮೊದಲೇ ಅವರ ಕೈ ಸೇರಿತ್ತು. ಕೈಗೆ ಬಂದ 2 ಲಕ್ಷದಲ್ಲಿ 80,000 ಹಾಗೇ ಹೋಯಿತು. ರಸೀದಿ ಇಲ್ಲ. ಕಾಲಿನ ರಾಡ್ ತೆಗೆಸುವ ಆಪರೇಷನ್ ಇನ್ನೂ ಬಾಕಿ ಇತ್ತು.

ನಮ್ಮ ದೇಶದಲ್ಲಿ ಪರ್ಸೆಂಟ್ ಲೆಕ್ಕದ ಫೀಸಿಗೆ ವಕೀಲರ ಮೇಲ್ವಿಚಾರಣೆ ಮಾಡುವ ಬಾರ್ ಕೌನ್ಸಿಲ್‌ನ ನಿಯಮದಲ್ಲೇ ಅವಕಾಶವಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಅಪಘಾತ ಪರಿಹಾರದ ಫೀಸಿನ ಜಗಳದ ಕೇಸಿನಲ್ಲಿ ಅದನ್ನು ಮತ್ತೆ ಹೇಳಿದೆ. ಆದರೂ ನನಗೆ ಪರ್ಸೆಂಟ್ ಮೇಲೆ ಸಿಟ್ಟಿಲ್ಲ. ಮುಂಗಡ ಕೊಡಲು ಕಾಸಿಲ್ಲದ ಭಾವನ ಕೇಸು ಕೋರ್ಟಿನ ಮೆಟ್ಟಿಲು ಹತ್ತಿದ್ದೇ ಅದರಿಂದ. ವಕೀಲರೂ ವರ್ಷಗಟ್ಟಲೆ ಓಡಾಡಿದ್ದಾರೆ, ಅವರಿಗೂ ದುಡ್ಡು ಸಿಗಬೇಕು ಅಲ್ವಾ? ಗುಟ್ಟಾಗಿ ನಡೆಯುತ್ತದಲ್ಲ, ಅದೇ ಸಂಕಟ. ಸುಮ್ನೆ ಬೇಡ ಅಂದರೆ ಅದು ನಿಲ್ಲುವುದಿಲ್ಲ. ಇಷ್ಟೇ ಅಂತ ಮಿತಿ ಹಾಕಿ, ಬರಹದಲ್ಲಿ ಬರೆಸಿ, ಹಣ ಬಿಡುಗಡೆಗೆ ಮುಂಚೆ ಜಡ್ಜ್ ನೋಡಲಿ.

ಭಾವ ಊರುಗೋಲು ಹಿಡಿದು ಹೋಗಿ ಸಾಕ್ಷಿ ಹೇಳಿದ್ದರು. ಎಷ್ಟು ತಿಂಗಳು ಕೆಲಸಕ್ಕೆ ಹೋಗಲಿಲ್ಲ, ಆಸ್ಪತ್ರೆ ಬಿಲ್ಲು ಎಷ್ಟು, ಎಲ್ಲ ಕೇಳಿದರಂತೆ. ವಕೀಲರಿಗೆ ಎಷ್ಟು ಕೊಡ್ತಿದ್ದೀರಿ ಅಂತ ಮಾತ್ರ ಯಾರೂ ಕೇಳಲಿಲ್ಲ.