ದುಃಖಕ್ಕೊಂದು ಮರದ ಗುಡಿ ಕಟ್ಟಿ ಸುಡೋದು: ಸರೀನಾ?

ಪರ

ಡೆರ್ರಿ ಅನ್ನೋ ಊರಲ್ಲಿ ಊರಿನ ಹೆಸರು ಹೇಳಿದ್ರೇ ಸಾಕು, ನೀವು ಯಾವ ಕಡೆಯವ್ರು ಅಂತ ಲೆಕ್ಕ ಹಾಕಿಬಿಡ್ತಾರೆ. ಕ್ಯಾಥೊಲಿಕ್ಕರಿಗೆ ಅದು ಡೆರ್ರಿ, ಪ್ರಾಟೆಸ್ಟೆಂಟರಲ್ಲಿ ತುಂಬಾ ಜನಕ್ಕೆ ಲಂಡನ್‌ಡೆರ್ರಿ. ಮೊದಲಿನವ್ರಲ್ಲಿ ಹೆಚ್ಚಿನವ್ರಿಗೆ ಐರ್ಲೆಂಡ್ ಜೊತೆ ಸೇರ್ಬೇಕು, ಎರಡನೆಯವ್ರಲ್ಲಿ ಹೆಚ್ಚಿನವ್ರಿಗೆ ಬ್ರಿಟನ್ ಜೊತೆಲೇ ಇರ್ಬೇಕು. ಉತ್ತರ ಐರ್ಲೆಂಡಿನ ಈ ಊರಲ್ಲಿ ಬೆಂಕಿಗೂ ಪಾರ್ಟಿ ಇದೆ. ಜುಲೈ 11ರ ರಾತ್ರಿ ಒಂದು ಕಡೆಯವ್ರು ಪ್ಯಾಲೆಟ್ಟು ಟೈರು ಒಟ್ಟಿ ಮೇಲೆ ಐರಿಷ್ ಬಾವುಟ ಸಿಕ್ಕಿಸಿ ಸುಡ್ತಾರೆ, ಆಗಸ್ಟ್ 15ಕ್ಕೆ ಇನ್ನೊಂದು ಕಡೆಯವ್ರು ಬ್ರಿಟಿಷ್ ಬಾವುಟ ಸುಟ್ಟು ಲೆಕ್ಕ ಚುಕ್ತಾ ಮಾಡ್ತಾರೆ. ಅಂಥಾ ಊರಿಗೆ 2015ರಲ್ಲಿ ಕ್ಯಾಲಿಫೋರ್ನಿಯಾದ ಕಲಾವಿದ ಡೇವಿಡ್ ಬೆಸ್ಟ್ ಬಂದು, ಎರಡೂ ಕಡೆಯವ್ರನ್ನ ಕೆಲಸಕ್ಕೆ ಸೇರಿಸ್ಕೊಂಡು ಊರು ಕಾಣೋ ಗುಡ್ಡದ ಮೇಲೆ 72 ಅಡಿ ಎತ್ತರದ ಮರದ ಗುಡಿ ಎಬ್ಬಿಸಿದ್ರು. ದೇವರಿಲ್ಲ, ಪೂಜಾರಿ ಇಲ್ಲ, ಬಾವುಟ ಇಲ್ಲ. ಒಂದು ವಾರ ಜನ ಹತ್ತಿ ಬಂದು ಗೋಡೆ ಮೇಲೆ ಪೆನ್ನಲ್ಲಿ ಬರೆದ್ರು, ಫೋಟೋ ಇಟ್ರು, ಮಾರ್ಚ್ 21ರ ರಾತ್ರಿ ಅದನ್ನ ಸುಟ್ರು.

ಇದನ್ನೇ ಕಲ್ಲಲ್ಲಿ ಕಟ್ಟೋಕೆ ಹೋಗಿದ್ರೆ? ಉತ್ತರ ಐರ್ಲೆಂಡಲ್ಲಿ ಈ ಜಗಳದಿಂದ ನಡೆದ 30 ವರ್ಷದ ಗಲಾಟೆಲಿ ಸತ್ತವ್ರು ಸುಮಾರು 3,500 ಜನ, ಅದ್ರಲ್ಲಿ ಕೊಂದವ್ರೂ ಇದಾರೆ, ಯಾರ ಹೆಸರು ಕೆತ್ತೋದು ಯಾರದ್ದು ಬಿಡೋದು ಅನ್ನೋ ಮೀಟಿಂಗೇ ಇವತ್ತಿಗೂ ನಡೀತಿರ್ತಿತ್ತು. ವಾರಕ್ಕೆ ಬೂದಿಯಾಗೋದ್ರ ಮೇಲೆ ಯಾರು ಜಗಳ ಆಡ್ತಾರೆ ಹೇಳಿ. ಮತ್ತೆ ಸುಟ್ಟೋಗುತ್ತೆ ಅಂತ ಗೊತ್ತಿದ್ರೆ ಮನುಷ್ಯ ನಿಜ ಬರೀತಾನೆ. "ಅಪ್ಪಾ, ನಿನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ" ಅಂತ ಯಾರಾದ್ರೂ ಗೋರಿ ಕಲ್ಲಿನ ಮೇಲೆ ಕೆತ್ತಿಸ್ತಾರಾ?

ಬೆಸ್ಟ್ ಇದನ್ನ ಪ್ಲ್ಯಾನ್ ಮಾಡಿ ಶುರು ಮಾಡಿದ್ದೂ ಅಲ್ಲ. 2000ದಲ್ಲಿ ನೆವಾಡಾ ಮರುಭೂಮಿಯ ಬರ್ನಿಂಗ್ ಮ್ಯಾನ್ ಜಾತ್ರೆಗೆ ಮುಂಚೆ ಜೊತೆಯ ಹುಡುಗನೊಬ್ಬ ಬೈಕ್ ಆಕ್ಸಿಡೆಂಟಲ್ಲಿ ಹೋದ, ಕಟ್ತಾ ಇದ್ದ ಮರದ ಕಟ್ಟಡಾನೇ ಅವನ ನೆನಪಾಯ್ತು, ನೋಡಿದವ್ರು ತಮ್ಮ ತಮ್ಮ ಸತ್ತವ್ರ ಹೆಸರೂ ಬರೆಯೋಕೆ ಶುರು ಮಾಡಿದ್ರು. ಆರಂಭದ ಗುಡಿಗಳಿಗೆ ಬಳಸಿದ್ದು ಆಟಿಕೆ ಡೈನೋಸಾರ್ ಕತ್ತರಿಸಿ ಮಿಕ್ಕ ಪ್ಲೈವುಡ್ ಹಾಳೆ. ದೂರದಿಂದ ಜಾಲಂದ್ರದ ಕುಸುರಿ ತರ ಕಾಣುತ್ತೆ, ಹತ್ರ ಹೋದ್ರೆ ಪಕ್ಕೆಲುಬಿನ ಆಕಾರದ ತೂತು!

ಇನ್ನು ಕೋವಿಡ್. ಇಂಗ್ಲೆಂಡಿನ ಬೆಡ್‌ವರ್ತ್ ಊರಲ್ಲಿ 2022ರ ಮೇ 28ಕ್ಕೆ ಇಂಥದ್ದೇ 65 ಅಡಿಯ ಗುಡಿ ಸುಟ್ರು, ಮುಖ ನೋಡದೇ ಮಣ್ಣು ಮಾಡಿದವರಿಗೋಸ್ಕರ. ನಮಗೆ ಇದು ಅರ್ಥ ಆಗದೇ ಇರೋಕೆ ಸಾಧ್ಯಾನೇ ಇಲ್ಲ. 2021ರ ಜೂನಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ತಗೊಂಡು ಹೋಗದೇ ಉಳಿದ ಐನೂರಕ್ಕೂ ಹೆಚ್ಚು ಜನರ ಅಸ್ಥಿನ ಕಂದಾಯ ಸಚಿವರೇ ಮಳವಳ್ಳಿ ಹತ್ರ ಬೆಳಕವಾಡಿಯಲ್ಲಿ ಕಾವೇರಿಗೆ ಬಿಟ್ರಲ್ಲ, ಅದನ್ನ ಟಿವೀಲಿ ನೋಡ್ತಾ ಯಾವ ಸಂಬಂಧನೂ ಇಲ್ಲದವ್ರೂ ಕಣ್ಣು ಒರೆಸ್ಕೊಂಡ್ರು. ಶಾಸ್ತ್ರ ಅಂತ ಒಂದು ಆಗ್ಬೇಕಿತ್ತು, ಆಯ್ತು.

ವಿರೋಧ

(ಮೊದಲೇ ಹೇಳಿಬಿಡ್ತೀನಿ, ನಾನು ವಾಲೋದು ಈ ಕಡೆಗೆ.)

ಬೈಕಿಂದ ಬಿದ್ದು ಸತ್ತ ಗೆಳೆಯನಿಗೆ ಬೆಂಕಿ ಇಡಿ, ಒಪ್ಕೋತೀನಿ. ಯಾರೋ ಗುಂಡು ಹೊಡೆದು ಸತ್ತಾಗ ಏನು ಮಾಡೋದು? ಫ್ಲೋರಿಡಾದ ಪಾರ್ಕ್‌ಲ್ಯಾಂಡಲ್ಲಿ 2018ರ ಫೆಬ್ರವರಿ 14ರಂದು ಸ್ಕೂಲಲ್ಲಿ 17 ಜನ ಸತ್ರು. ವರ್ಷ ತುಂಬಿದ ದಿನ ಪಕ್ಕದ ಕೋರಲ್ ಸ್ಪ್ರಿಂಗ್ಸಲ್ಲಿ ಬೆಸ್ಟ್ ಅವರ ಗುಡಿ ಬಾಗಿಲು ತೆಗೀತು, ಮೇ 19ಕ್ಕೆ ಸುಟ್ಟೂ ಆಯ್ತು. ಆದ್ರೆ ಮಕ್ಕಳು ಸತ್ತ ಕಟ್ಟಡ? ಅದು ಸಾಕ್ಷಿ, ಮುಟ್ಟಂಗಿಲ್ಲ, ಬೇಲಿ ಹಾಕಿ ಹಾಗೇ ಇಟ್ಟಿದ್ರು. 2022ರ ಆಗಸ್ಟಲ್ಲಿ ಜ್ಯೂರಿಯವ್ರು ಒಳಗೆ ಹೋದಾಗ ನೆಲದ ಮೇಲೆ ರಕ್ತದ ಕಲೆ, ವ್ಯಾಲೆಂಟೈನ್ಸ್ ಡೇ ಗುಲಾಬಿಗಳು ಒಣಗಿ ಬಿದ್ದಿದ್ವು. ಆ ಕಟ್ಟಡ ಕೆಡವೋಕೆ ಶುರು ಮಾಡಿದ್ದು 2024ರ ಜೂನಲ್ಲಿ. ಅಂದ್ರೆ ಊರಿನ ದುಃಖ ಶಾಂತಿ ಆಯ್ತು ಅಂತ ಬೆಂಕಿ ಇಟ್ಟ ಮೇಲೂ ಐದು ವರ್ಷ ಅದು ಊರ ನಡುವೆ ನಿಂತೇ ಇತ್ತು, ತಂದೆತಾಯಿ ಅದರ ಪಕ್ಕದಲ್ಲೇ ಓಡಾಡ್ತಿದ್ರು.

ಡೆರ್ರಿಗೇ ಬನ್ನಿ. 1972ರ ಜನವರಿ 30, ಮೆರವಣಿಗೆ ಹೊರಟಿದ್ದವ್ರ ಮೇಲೆ ಬ್ರಿಟಿಷ್ ಸೈನಿಕರು ಹೊಡೆದ ಗುಂಡಿಗೆ ಅವತ್ತೇ 13 ಜನ ಹೋದ್ರು, ಅದೇ ವರ್ಷ ಬಂದ ಮೊದಲ ತನಿಖೆ ಹೆಚ್ಚುಕಮ್ಮಿ ಸೈನಿಕರನ್ನೇ ಉಳಿಸ್ತು. ಮನೆಯವ್ರು ಆಯ್ತು ಬಿಡಿ ಅನ್ಲಿಲ್ಲ, ವರ್ಷ ವರ್ಷ ಸತ್ತವ್ರ ಫೋಟೋ ಹಿಡ್ಕೊಂಡು ಅದೇ ರಸ್ತೇಲಿ ನಡೆದ್ರು. 2010ರ ಜೂನ್ 15ಕ್ಕೆ ಪ್ರಧಾನಿ ಕ್ಯಾಮರೂನ್ ಪಾರ್ಲಿಮೆಂಟಲ್ಲಿ ನಿಂತು ಕ್ಷಮೆ ಕೇಳಿದ್ರು. ಆ 38 ವರ್ಷದಲ್ಲಿ ಯಾರಾದ್ರೂ ಬಂದು ಬರೆದು ಸುಟ್ಟುಬಿಡಿ, ಮನಸ್ಸು ಹಗುರ ಆಗುತ್ತೆ ಅಂದಿದ್ರೆ ಅದು ಯಾರಿಗೆ ಅನುಕೂಲ ಆಗ್ತಿತ್ತು ಅಂತ ನಾನು ಬಿಡಿಸಿ ಹೇಳ್ಬೇಕಾ? ಅದೂ ಅಲ್ದೆ ಬ್ರಿಟಿಷರ ವಿರುದ್ಧ ಬಂದೂಕು ಹಿಡಿದಿದ್ದ ಗುಂಪು ಐಆರ್‌ಎ ಎತ್ಕೊಂಡು ಹೋಗಿ ಕೊಂದು ಗುಟ್ಟಾಗಿ ಹೂತವ್ರಿದಾರೆ, ಅವರಲ್ಲಿ ಕೆಲವರ ಮೂಳೆ ಹುಡುಕ್ತಾ ಜೌಗು ನೆಲ ಇವತ್ತಿಗೂ ಅಗೀತಿದಾರೆ. ಇನ್ನೂ ಕೈಗೆ ಸಿಗದೇ ಇರೋದನ್ನ ಬಿಟ್ಟುಬಿಡಿ ಅಂತ ಹೇಳೋದು ಹೇಗೆ.

ಕೋವಿಡ್‌ಗೆ ಯಾರನ್ನ ಕಟಕಟೆಗೆ ಹತ್ತಿಸ್ತೀರಿ, ವೈರಸ್ ತಾನೇ, ಅನ್ಬಹುದು. ಬ್ರಿಟನ್ನಲ್ಲಿ ಸತ್ತವ್ರ ಮನೆಯವ್ರು ಹಾಗೆ ಅಂದ್ಕೊಳ್ಳಲಿಲ್ಲ. 2021ರ ಮಾರ್ಚಿಂದ ಲಂಡನ್ನಿನ ಥೇಮ್ಸ್ ದಡದ ಗೋಡೆ ಮೇಲೆ, ಬೇಕು ಅಂತಾನೇ ಪಾರ್ಲಿಮೆಂಟಿಗೆ ಎದುರಾಗಿ, ಸತ್ತ ಒಬ್ಬೊಬ್ಬರಿಗೂ ಒಂದೊಂದು ಕೆಂಪು ಹೃದಯ ಬರೀತಾ ಹೋದ್ರು, ಎರಡು ಲಕ್ಷ ದಾಟಿದೆ. ಮೊದಲು ಬಳಸಿದ ಪೆನ್ನಿನ ಬಣ್ಣ ಬಿಸಿಲಿಗೆ ಮಳೆಗೆ ಗುಲಾಬಿಯಾಗಿ ಮಸುಕಾಗುತ್ತೆ, ಅಕ್ಷರ ಅಳಿಸಿಹೋಗುತ್ತೆ. ಅದಕ್ಕೇ ಮನೆಯವರಲ್ಲೇ ಕೆಲವರು ವಾರ ವಾರ ಗೋಡೆಗೆ ಹೊಡೆಯೋ ಗಟ್ಟಿ ಪೇಂಟು, ಸಣ್ಣ ಬ್ರಷ್ಷು ತಗೊಂಡು ಬಂದು ಒಂದೊಂದನ್ನೇ ಮತ್ತೆ ತುಂಬ್ತಾರೆ.